ಬೊಗ್ನಾ ಬರೆಯುವ ಮೂರನೇ ದನಿ

ಬೆಳಗಿನ ಆರು ಗಂಟೆಗೆ ಇನ್ನೂ ಐದು ನಿಮಿಷವಿದೆ. ನಮ್ಮೂರು ಗ್ಲಿನ್ಯಾನ್ಕಾದ ಕುಂಬಾರಿಕೆ ಕಾರ್ಖಾನೆಯ ಮಹಡಿಯಲ್ಲಿ ಉದ್ದ ಮೇಜಿನ ಎರಡೂ ಬದಿಗೆ ಹೆಂಗಸರು ಬಂದು ಕೂರುತ್ತಿದ್ದಾರೆ. ಕಿಟಕಿಯಾಚೆ ಬುಬ್ರ್ ಹೊಳೆಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಮೇಜಿನ ಕೊನೆಯಲ್ಲಿ ಬೊಗ್ನಾ ಶಿಕೋರಾ ತಮ್ಮ ಸ್ಪಂಜಿನ ಅಚ್ಚುಗಳನ್ನು ಒಂದೊಂದಾಗಿ ಬೆರಳಲ್ಲಿ ಒತ್ತಿ ನೋಡಿ ಸಾಲಾಗಿ ಜೋಡಿಸುತ್ತಾರೆ. ಒಮ್ಮೆ ಸುಟ್ಟು ಬಂದ ಬಿಳಿ ಲೋಟವೊಂದನ್ನು ಎಡಗೈಯಲ್ಲಿ ಹಿಡಿದು, ಅಚ್ಚನ್ನು ಬಣ್ಣಕ್ಕೆ ಮುಟ್ಟಿಸಿ, ಅಂಚಿನ ಸುತ್ತ ಚುಕ್ಕಿ ಒತ್ತಲು ಶುರು ಮಾಡುತ್ತಾರೆ. ಮೇಜಿನ ಕೆಳಗೆ ಅವರ ಬಲಗಾಲು ಆಗಲೇ ತಾಳ ಹಾಕುತ್ತಿದೆ.

"ಏ ಬೊಗ್ನಾ, ಇವತ್ತು ಯಾವ ಹಾಡನ್ನ ಕೊಲ್ತಿದೀಯ?" ಎಂದು ಎದುರಿಗೆ ಕೂತ ತೆಕ್ಲಾ ಕೇಳುತ್ತಾರೆ. ಇಪ್ಪತ್ತೆರಡು ವರ್ಷದಿಂದ ಇಬ್ಬರೂ ಎದುರುಬದುರು.

"ನಿನ್ನೇದನ್ನೇ. ಸುಮ್ನೆ ಒತ್ತು."

"ಕಾಲು ನಿಲ್ಸು ಮಾರಾಯ್ತಿ, ಮೇಜು ಅಲ್ಲಾಡಿ ನನ್ನ ಹೂವೆಲ್ಲ ಡೊಂಕು ಬರ್ತಿವೆ."

"ನಿನ್ನ ಹೂವು ಕಾಲು ನಿಂತಾಗ್ಲೂ ಡೊಂಕೇ."

ಎಲ್ಲರೂ ನಗುತ್ತಾರೆ. ಬೊಗ್ನಾರ ಕಾಲು ಮಾತ್ರ ನಿಲ್ಲುವುದಿಲ್ಲ. ಒಂದು ಲೋಟಕ್ಕೆ ಇನ್ನೂರ ಹತ್ತು ಸಲ ಅಚ್ಚು ಒತ್ತಬೇಕು, ಮಧ್ಯಾಹ್ನ ಎರಡಕ್ಕೆ ಪಾಳಿ ಮುಗಿಯುವ ಹೊತ್ತಿಗೆ ಐವತ್ತೈದು ಲೋಟ ಆಗಬೇಕು. ಚುಕ್ಕಿಗಳ ಸಾಲು ಹಿಡಿಯ ಒಂದು ಬದಿಯಿಂದ ಹೊರಟು ಸುತ್ತಿ ಬಂದು ಇನ್ನೊಂದು ಬದಿಗೆ ಸರಿಯಾಗಿ ಮುಟ್ಟಬೇಕು. ಅರ್ಧ ಚುಕ್ಕಿ ಉಳಿದರೆ ಲೋಟ ಎರಡನೇ ದರ್ಜೆಯ ಕಪಾಟಿಗೆ ಹೋಗುತ್ತದೆ. ಬೊಗ್ನಾ ಎಣಿಸುವುದಿಲ್ಲ. "ಹಾಡ್ಕೊಂಡು ಒತ್ತಿದ್ರೆ ತಾನೇ ಬಂದು ಕೂಡುತ್ತೆ" ಅನ್ನುತ್ತಾರೆ. ಕೂಡುತ್ತದೆ, ನಾನೇ ನೋಡಿದೆ. ಒತ್ತಿ ಮುಗಿದ ಲೋಟವನ್ನು ತಿರುಗಿಸಿ ತಳದಲ್ಲಿ ಕಡ್ಡಿಯಿಂದ 'ಇಪ್ಪತ್ತೇಳು' ಎಂದು ಅಂಕಿಯಲ್ಲಿ ಗೀಚುತ್ತಾರೆ. ಅದು ಕಾರ್ಖಾನೆಯಲ್ಲಿ ಅವರ ಗುರುತು.

ಅವರ ಇನ್ನೊಂದು ಕೆಲಸದ ಮೇಲೆ ಅಂಥ ಗುರುತು ಕೂಡ ಇಲ್ಲ. ನಮ್ಮೂರ ಶಾಲೆಯ ಮಕ್ಕಳ ಗಾನವೃಂದ ಹತ್ತೊಂಬತ್ತು ವರ್ಷದಿಂದ ಹಾಡುತ್ತಿರುವ ಹಳೆಯ ಹಾಡುಗಳನ್ನೆಲ್ಲ ಹೊಸ ರೀತಿಯಲ್ಲಿ, ಮೂರು ದನಿಗೆ, ಮಕ್ಕಳ ಗಂಟಲಿಗೆ ಹೊಂದುವಂತೆ ಕೂರಿಸಿಕೊಟ್ಟವರು ಇವರು. ಒಟ್ಟು ನಲವತ್ತೊಂದು ಹಾಡು. ಪ್ರತಿ ಕಾರ್ಯಕ್ರಮದ ಹಾಳೆಯಲ್ಲೂ ಹಾಡಿನ ಮುಂದೆ 'ಜಾನಪದ' ಎಂದಿರುತ್ತದೆ, ಕೆಳಗೆ ಸಂಗೀತ ಮೇಷ್ಟ್ರ ಹೆಸರಿರುತ್ತದೆ, ಮುಗಿಯಿತು. ಈ ಶನಿವಾರದ ಪುರವಣಿಗೆ ಹದಿನಾಲ್ಕು ವರ್ಷದಿಂದ ಬರೆಯುತ್ತಿರುವ ನನಗೇ ಈ ವಿಷಯ ಗೊತ್ತಿರಲಿಲ್ಲ ಎನ್ನುವುದಕ್ಕೆ ನಾಚಿಕೆಯಾಗುತ್ತದೆ. ಕಳೆದ ವರ್ಷ ನಾನು ಆ ಸಂಗೀತ ಮೇಷ್ಟ್ರು ಓಲ್ಗೆರ್ದ್ ಅವರನ್ನು ಹೊಗಳಲು ಹೋದಾಗ ಅವರೇ ಕೈಯಾಡಿಸಿ ತಡೆದರು. "ನನ್ನನ್ನ ಯಾಕೆ ಹೊಗಳ್ತೀರಿ? ನಾನು ಮುಂದೆ ನಿಂತು ಕೈ ಆಡಿಸ್ತೀನಿ ಅಷ್ಟೆ. ಹಾಡು ಮಾಡೋರು ಲೋಟಕ್ಕೆ ಚುಕ್ಕಿ ಇಡ್ತಾ ಕೂತಿರ್ತಾರೆ, ಅಲ್ಲಿ ಹೋಗಿ."

ಬೊಗ್ನಾಗೆ ಈಗ ಐವತ್ತನಾಲ್ಕು. ಅವರ ಅಪ್ಪ ಬಸ್ಸು ಓಡಿಸುತ್ತಿದ್ದರು, ಶನಿವಾರ ಮದುವೆಗಳಲ್ಲಿ ಅಕಾರ್ಡಿಯನ್ ನುಡಿಸುತ್ತಿದ್ದರು. ಮಗಳು ಪಕ್ಕದ ಊರಿನ ಸಂಗೀತ ಶಾಲೆಗೆ ನಾಲ್ಕು ವರ್ಷ ಹೋದಳು. ಐದನೇ ವರ್ಷ ಅಪ್ಪನ ಬೆನ್ನು ಕೆಟ್ಟಿತು, ಸಂಗೀತ ಶಾಲೆ ನಿಂತಿತು. ಹದಿನೆಂಟಕ್ಕೆ ಕಾರ್ಖಾನೆ. ಅಲ್ಲಿಂದ ಮುಂದೆ ಕಲಿತದ್ದೆಲ್ಲ ಗ್ರಂಥಾಲಯದ ಪುಸ್ತಕಗಳಿಂದ, ರೇಡಿಯೋದಿಂದ, ಮತ್ತು ಅವರ ಮಾತಿನಲ್ಲೇ ಹೇಳುವುದಾದರೆ, "ಮಕ್ಕಳು ಮುಖ ಸಿಂಡರಿಸೋದನ್ನ ನೋಡಿ."

ಅಡುಗೆಮನೆಯ ಮೇಜಿನ ಮೇಲೆ ಒಂದು ಹಳೆಯ ಕೀಬೋರ್ಡ್ ಇದೆ. ಅದರ ಎರಡು ಮನೆಗಳು ಸತ್ತಿವೆ, ಒತ್ತಿದರೆ ದನಿಯಿಲ್ಲ. ಆ ಎರಡು ಸ್ವರ ಬಂದಾಗ ಬೊಗ್ನಾ ತಾವೇ ಬಾಯಲ್ಲಿ ಹಾಡಿ ತುಂಬುತ್ತಾರೆ. ರಿಪೇರಿ ಮಾಡಿಸಬಾರದೇ ಎಂದರೆ, "ಬೇಡ ಬಿಡಿ, ಅವೆರಡು ಸ್ವರ ನನಗೆ ಈಗ ಎಲ್ಲಕ್ಕಿಂತ ಚೆನ್ನಾಗಿ ಬರುತ್ತೆ" ಅನ್ನುತ್ತಾರೆ. ಗಂಡ ದೂರದ ಲಾರಿ ಓಡಿಸುತ್ತಾರೆ, ಎರಡು ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಹೊಸ ಹಾಡು ಮುಗಿದಾಗ ಮೂರೂ ದನಿಯನ್ನು ತಾವೇ ಹಾಡಿ ಫೋನಿನಲ್ಲಿ ಗಂಡನಿಗೆ ಕಳಿಸುತ್ತಾರೆ. ಅವರು ಗಡಿಯಲ್ಲಿ ಸಾಲು ನಿಂತಾಗ ಕೇಳಿ ಒಂದೇ ಮಾತು ಬರೆಯುತ್ತಾರಂತೆ: 'ಚೆನ್ನಾಗಿದೆ, ಸೂಪು ಕುಡಿದ್ಯಾ?' ಹಾಡು ನೆಟ್ಟಗಿಲ್ಲದಿದ್ದರೆ: 'ಸೂಪು ಕುಡಿದ್ಯಾ?'

ಬರೆಯುವ ಕ್ರಮವೂ ಅವರದ್ದೇ. ಸ್ವರಲಿಪಿಯಲ್ಲಿ ಮೇಲಿನ ದನಿ, ಕೆಳಗಿನ ದನಿ ಎಂದು ಬರೆಯುವುದು ಲೋಕದ ವಾಡಿಕೆ. ಬೊಗ್ನಾ ಪ್ರತಿ ಸಾಲಿನ ಮೇಲೂ ಮಕ್ಕಳ ಹೆಸರು ಬರೆಯುತ್ತಾರೆ. ಮೂವತ್ತೆರಡು ಮಕ್ಕಳ ಹೆಸರು. ಯಾರ ಗಂಟಲು ಎಲ್ಲಿಯವರೆಗೆ ಏರುತ್ತದೆ, ಯಾರಿಗೆ ಚಳಿಗಾಲದಲ್ಲಿ ಮೂಗು ಕಟ್ಟುತ್ತದೆ, ಯಾರು ಯಾರ ಪಕ್ಕ ನಿಂತರೆ ಧೈರ್ಯವಾಗಿ ಹಾಡುತ್ತಾರೆ, ಎಲ್ಲ ಲೆಕ್ಕವಿದೆ. ಒಂದನೇ ದನಿಗೆ ನೀಲಿ, ಎರಡನೆಯದಕ್ಕೆ ಹಸಿರು, ಮೂರನೆಯದಕ್ಕೆ ಕಂದು. ಮಗು ದೊಡ್ಡದಾಗಿ ಶಾಲೆ ಬಿಟ್ಟರೆ ಆ ಸಾಲನ್ನು ಬದಲಿಸಿ ಬರೆಯುತ್ತಾರೆ. ಹಾಗಾಗಿ ನಲವತ್ತೊಂದು ಹಾಡು ಎಂದೆನಲ್ಲ, ಬರೆದದ್ದು ಅದರ ಐದಾರು ಪಟ್ಟು.

ಹೊಸ ರೀತಿ ಎಂದರೆ ಏನು ಎಂದು ಕೇಳಿದವರಿಗೆ ಶಾಲೆಯ ಕೋಟು ಬಿಚ್ಚಿಡುವ ಕೋಣೆಗೆ ಹೋಗಲು ಹೇಳುತ್ತೇನೆ. ಗುರುವಾರ ಮೂರು ಗಂಟೆಗೆ ಅಲ್ಲಿ ಅಭ್ಯಾಸ. ಸಭಾಂಗಣದಲ್ಲಿ ಕರಾಟೆ ನಡೆಯುತ್ತದೆ, ಹಾಗಾಗಿ ಒದ್ದೆ ಕೋಟು, ಟೋಪಿಗಳ ನಡುವೆ ಹಾಡು. ಒಬ್ಬರು ಹಾಡುತ್ತಿದ್ದರೆ ಹತ್ತು ಮಂದಿ ತೊಡೆ ತಟ್ಟುತ್ತಾರೆ, ಆರು ಮಂದಿ ನಾಲಿಗೆಯಲ್ಲಿ ನೀರು ತೊಟ್ಟಿಕ್ಕಿಸುತ್ತಾರೆ, ಉಳಿದವರು ಒಂದು ಪದವನ್ನು ಪಿಸುಗುಟ್ಟುತ್ತಾ ಕೋಣೆಯ ಈ ಮೂಲೆಯಿಂದ ಆ ಮೂಲೆಗೆ ದಾಟಿಸುತ್ತಾರೆ. ಎರಡು ಸ್ವರಗಳು ಒಂದಕ್ಕೊಂದು ಭುಜ ತಾಗಿಸಿ ಉಜ್ಜಾಡುತ್ತವೆ, ಇನ್ನೇನು ಜಗಳವಾಯಿತು ಅನ್ನುವಾಗ ಒಂದು ಸರಿದು ಜಾಗ ಕೊಡುತ್ತದೆ. ಮಕ್ಕಳಿಗೆ ಇದು ಬಲು ಇಷ್ಟ. ದೊಡ್ಡವರಿಗೆ ಅಷ್ಟಕ್ಕಷ್ಟೆ. ಚರ್ಚಿನ ಮೆಟ್ಟಿಲ ಮೇಲೆ ಒಬ್ಬ ಅಜ್ಜಿ ಬೊಗ್ನಾರನ್ನು ತಡೆದು, "ಹಾಡನ್ನ ಒಗೆದು ಹಿಂಡಿ ಮಡಿಕೆ ಮಾಡಿಟ್ಟಿದೀಯಲ್ಲಮ್ಮಾ, ನಮಗೆ ಹಾಡೋಕೆ ಏನು ಉಳೀತು?" ಎಂದು ಕೇಳಿದ್ದರಂತೆ.

ಆ ಅಜ್ಜಿಯ ದೂರಿನಲ್ಲಿ ಒಂದು ಮಾತು ನಿಜ. ನಮ್ಮೂರಿನ ಹಿರಿಯರು ಹಾಡಿನಲ್ಲಿ ಖಾಲಿ ಜಾಗ ಕಂಡರೆ ಬಿಡುವವರಲ್ಲ. ಹೋದ ವರ್ಷ ಮಾರ್ಚಿನ ಶಾಲಾ ಗಾನವೃಂದಗಳ ಮೇಳದಲ್ಲಿ ಬೊಗ್ನಾ ಒಂದು ಹಾಡಿನ ನಡುವೆ ಉಸಿರು ಹಿಡಿದು ನಿಲ್ಲುವಂಥ ಮೌನ ಇಟ್ಟಿದ್ದರು. ಮಕ್ಕಳು ನಿಂತರು. ಸಭಿಕರು ನಿಲ್ಲಲಿಲ್ಲ. ಮರೆತಿದ್ದಾರೆ ಪಾಪ, ಹೇಳಿಕೊಡೋಣ ಎಂದು ಇನ್ನೂರು ಮಂದಿ ಒಟ್ಟಿಗೆ ಮುಂದಿನ ಸಾಲು ಎತ್ತಿಕೊಂಡರು. ಎತ್ತಿಕೊಂಡದ್ದೂ ಬೇರೆ ಬೇರೆ ಮಟ್ಟಿನಲ್ಲಿ. ತೀರ್ಪುಗಾರರು ಪೆನ್ನು ಕೆಳಗಿಟ್ಟರು. ಓಲ್ಗೆರ್ದ್ ಮೇಷ್ಟ್ರ ಕಿವಿ ಕೆಂಪಾದದ್ದು ಹಿಂದಿನ ಸಾಲಿನಲ್ಲಿದ್ದ ನನಗೂ ಕಾಣಿಸಿತು. ನಿಜ ಹೇಳಬೇಕೆಂದರೆ ನಾನೂ ಹಾಡುತ್ತಿದ್ದೆ.

ಬೇರೆ ಬೇರೆ ಮಟ್ಟು ಯಾಕೆಂದರೆ, ನಾವು ಈ ಊರಿಗೆ ಬಂದದ್ದೇ ಮೂರು ದಿಕ್ಕಿನಿಂದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಖಾಲಿಯಾದ ಮನೆಗಳಿಗೆ ರೈಲುಗಳು ಜನರನ್ನು ತಂದು ಇಳಿಸಿದವು. ನನ್ನ ತಾತ ಪೂರ್ವದಿಂದ ಒಂದು ಹಸು, ಒಂದು ಗೋಡೆ ಗಡಿಯಾರ ತಂದರು. ತೆಕ್ಲಾ ಮನೆಯವರು ದಕ್ಷಿಣದ ಬೆಟ್ಟದಿಂದ ಬಂದರು. ಆರು ಮನೆಯವರು ಬೋಸ್ನಿಯಾದಿಂದ, ಎರಡು ತಲೆಮಾರು ಅಲ್ಲಿ ಕಾಡು ಕಡಿದು ಬದುಕಿ, ವಾಪಸು ಬಂದರು. ಎಲ್ಲರ ಬಳಿಯೂ ಅದೇ ಹಾಡುಗಳಿದ್ದವು, ಆದರೆ ಒಂದರಂತೆ ಒಂದಿರಲಿಲ್ಲ. ನಾವು ಬಟ್ಟೆ ಹಾಡು ಅನ್ನುವುದಿದೆಯಲ್ಲ, ಹೊಳೆ ದಂಡೆಯ ಮೇಲೆ ಅಗಸೆ ನಾರಿನ ಬಟ್ಟೆಯನ್ನು ಬಿಳಿ ಮಾಡಲು ಹಾಸಿ ಕೂತ ಹುಡುಗಿಯದು, ಅದನ್ನೇ ತೆಗೆದುಕೊಳ್ಳಿ. ಬಿಸಿಲನ್ನು ಬೇಡುತ್ತಾಳೆ, ನೀರನ್ನು ಬೇಡುತ್ತಾಳೆ, ಎರಡನೇ ನುಡಿಯ ಕೊನೆಗೆ 'ಮಡಿಸಲು ಬೇಕು ಇನ್ನೆರಡು ಕೈ' ಅನ್ನುತ್ತಾಳೆ. ಅಷ್ಟೇ ಹಾಡು. ಪೂರ್ವದವರು ಪ್ರತಿ ಸಾಲಿನ ಕೊನೆಯನ್ನು ಮೇಲಕ್ಕೆ ಎತ್ತುತ್ತಾರೆ, ಬೆಟ್ಟದವರು ಇದ್ದಲ್ಲೇ ನಿಂತು ಕಾಲು ಕುಟ್ಟುತ್ತಾರೆ. ಮದುವೆ ಊಟದಲ್ಲಿ ಇದಕ್ಕಾಗಿ ಮಾತು ಬಿಟ್ಟ ಮನೆಗಳಿವೆ. ಪೂರ್ವದವರ ಮಟ್ಟೇ ಸರಿ ಎಂಬುದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ, ಆದರೆ ಅದನ್ನು ಇಲ್ಲಿ ಬರೆಯುವುದಿಲ್ಲ.

ಈ ಹಾಡಿನ ವಿಷಯದಲ್ಲೇ ಬೊಗ್ನಾ ಕಳೆದ ಡಿಸೆಂಬರಿನಲ್ಲಿ ಒಂದು ತಪ್ಪು ಮಾಡಿದರು. ಅದನ್ನು ಅವರೇ ಹೇಳಿದ್ದು, ಬರೆಯಿರಿ ಎಂದೂ ಹೇಳಿದರು.

ಮೂರನೇ ದನಿಯಲ್ಲಿ ನೆಲಾ ಎಂಬ ಹತ್ತು ವರ್ಷದ ಹುಡುಗಿ ಇದ್ದಾಳೆ. ದನಿ ಗಟ್ಟಿ, ಕಿವಿ ಚುರುಕು. ಆದರೆ ಬಟ್ಟೆ ಹಾಡಿನ ಪ್ರತಿ ಸಾಲಿನ ಕೊನೆಯಲ್ಲೂ ಎಲ್ಲರೂ ಮೇಲಕ್ಕೆ ಹೋದರೆ ಅವಳೊಬ್ಬಳು ಕೆಳಕ್ಕೆ ಇಳಿಯುತ್ತಿದ್ದಳು. ಬೊಗ್ನಾ ಒಂದು ವಾರ ತಿದ್ದಿದರು, ಎರಡು ವಾರ ತಿದ್ದಿದರು. ಒಬ್ಬಳನ್ನೇ ನಿಲ್ಲಿಸಿ ಹಾಡಿಸಿದರೆ ಸರಿಯಾಗಿ ಹಾಡುತ್ತಾಳೆ, ಗುಂಪಿಗೆ ಸೇರಿದ ಕೂಡಲೇ ಮತ್ತೆ ಜಾರುತ್ತಾಳೆ. ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ಎರಡು ದಿನ ಉಳಿದಿತ್ತು.

"ನಾನು ಅವಳಿಗೆ ಹೇಳ್ದೆ, 'ನೆಲಾ, ಈ ಒಂದು ಹಾಡಿಗೆ ನೀನು ಬಾಯಾಡ್ಸು ಸಾಕು, ದನಿ ಬೇಡ' ಅಂತ." ಬೊಗ್ನಾ ಇದನ್ನು ಹೇಳುವಾಗ ಕೈಯಲ್ಲಿದ್ದ ಅಚ್ಚನ್ನು ಕೆಳಗಿಡುತ್ತಾರೆ. "ಅಷ್ಟೊಂದು ವರ್ಷದಲ್ಲಿ ಯಾವ ಮಗೂಗೂ ಆ ಮಾತು ಹೇಳಿರ್ಲಿಲ್ಲ ಕಣ್ರೀ. ಅವಳು ಅಳ್ಲಿಲ್ಲ. ಆಯ್ತು ಬೊಗ್ನಾ ಅವ್ರೇ, ಅಂದ್ಲು. ಬಾಯಾಡ್ಸಿದ್ಲು."

ಆ ಮಾತು ನನ್ನನ್ನೂ ತಾಗಿತು. ನಾನು ಎರಡನೇ ತರಗತಿಯಲ್ಲಿದ್ದಾಗ ನನಗೂ ಅದನ್ನೇ ಹೇಳಿದ್ದರು. ನನ್ನ ವಿಷಯದಲ್ಲಿ ಹೇಳಿದವರದ್ದು ತಪ್ಪಿರಲಿಲ್ಲ, ಆದರೂ ನೆನಪಿದೆ.

ಜನವರಿಯಲ್ಲಿ ನೆಲಾಳ ಅಮ್ಮ ಕಾರ್ಖಾನೆಯ ಗೇಟಿನ ಬಳಿ ಸಿಕ್ಕಿ, ಜಗಳವಿಲ್ಲದೆ, ಸುಮ್ಮನೆ ಸುದ್ದಿ ಹೇಳುವ ಹಾಗೆ ಹೇಳಿದರು. "ನಮ್ಮ ರೊಜಾಲಿಯಾ ಅಜ್ಜಿ ಈಗ ಗುನುಗೋದೇ ನಿಲ್ಸಿಬಿಟ್ಟಿದಾರೆ ಕಣ್ರೀ. ಕಡುಬಿಗೆ ಹಿಟ್ಟು ಎಳೆಯೋವಾಗ ಯಾವಾಗ್ಲೂ ಆ ಬಟ್ಟೆ ಹಾಡು ಗುನುಗೋರು, ತಮಗೇ ಗೊತ್ತಿಲ್ಲದ ಹಾಗೆ. ನೆಲಾ ಬಾಯಾಡ್ಸಿದ ವಿಷಯ ಕೇಳಿದ ದಿನದಿಂದ ಇಲ್ಲ."

ಬೊಗ್ನಾಗೆ ಆಗ ಅರ್ಥವಾಯಿತು. ರೊಜಾಲಿಯಾ ನೆಲಾಳ ಮುತ್ತಜ್ಜಿ, ತೊಂಬತ್ತೊಂದು ವರ್ಷ, ಬೋಸ್ನಿಯಾದಿಂದ ಬಂದ ಆರು ಮನೆಯವರಲ್ಲಿ ಉಳಿದಿರುವ ಕೊನೆಯ ಹಿರಿಯರು. ನೆಲಾ ತಪ್ಪು ಹಾಡುತ್ತಿರಲಿಲ್ಲ. ಅಡುಗೆಮನೆಯಲ್ಲಿ ಕೇಳಿ ಬೆಳೆದ ಮೂರನೇ ಮಟ್ಟನ್ನು ಹಾಡುತ್ತಿದ್ದಳು. ಆ ಮಟ್ಟು ಒಂದಿದೆ ಎಂಬುದೇ ನಮ್ಮೂರಿಗೆ ಗೊತ್ತಿರಲಿಲ್ಲ.

ಮುಂದಿನ ಗುರುವಾರ ಬೊಗ್ನಾ ಕೋಟುಗಳ ಕೋಣೆಯಲ್ಲಿ ಮೂವತ್ತೆರಡು ಮಕ್ಕಳ ಮುಂದೆ ನಿಂತು ನೆಲಾಳ ಕ್ಷಮೆ ಕೇಳಿದರು. "ತಪ್ಪು ನಿಂದಲ್ಲ, ನಂದು. ನೀನು ಹಾಡಿದ್ದು ಸರಿ. ನನಗೆ ಕೇಳಿಸ್ಲಿಲ್ಲ." ಆಮೇಲೆ ಕಂದು ಬಣ್ಣದ ಸಾಲನ್ನು ಪೂರ್ತಿ ಹೊಡೆದುಹಾಕಿ, ನೆಲಾಳಿಂದ ಹಾಡಿಸಿ ಹಾಡಿಸಿ, ಹೊಸದಾಗಿ ಬರೆದರು. ನೀಲಿ ದನಿ ಪೂರ್ವದವರ ಮಟ್ಟು, ಮೇಲಕ್ಕೆ ಹೋಗುತ್ತದೆ. ಹಸಿರು ಬೆಟ್ಟದವರದ್ದು, ನಿಂತಲ್ಲೇ ನಿಲ್ಲುತ್ತದೆ. ಕಂದು ಬೋಸ್ನಿಯಾದ್ದು, ಇಳಿಯುತ್ತದೆ. ಮೂರನ್ನೂ ಒಟ್ಟಿಗೆ ಹಾಡಿಸಿದಾಗ, ಊರು ಎಪ್ಪತ್ತೆಂಟು ವರ್ಷ ಜಗಳವಾಡಿದ ಎರಡು ಮಟ್ಟುಗಳೂ ಕೇಳಿಸಿಕೊಳ್ಳದೇ ಹೋದ ಮೂರನೆಯದೂ ಒಂದೇ ಹಾಡಿನ ಮೂರು ದನಿಗಳಂತೆ ಕೂತವು. ಓಲ್ಗೆರ್ದ್ ಮೇಷ್ಟ್ರು ಕೈ ಆಡಿಸುವುದನ್ನು ಮರೆತು ನಿಂತಿದ್ದರಂತೆ.

ಆದರೆ ಒಂದು ಸಾಲು ಸಿಗಲಿಲ್ಲ. ಎರಡನೇ ನುಡಿಯ ಕೊನೆಯದು, ಮಡಿಸಲು ಇನ್ನೆರಡು ಕೈ ಬೇಕೆನ್ನುವುದು.

"ಅಜ್ಜಿ ಅಲ್ಲಿಗೆ ಬಂದಾಗ ಹಿಟ್ಟು ಮೇಜಿನ ಅಂಚಿಗೆ ಬಂದಿರುತ್ತೆ," ಎಂದು ನೆಲಾ ವಿವರಿಸುತ್ತಾಳೆ. "ಆಗ ನಿಲ್ಲಿಸಿ, 'ನೆಲಾ, ಆ ಕಡೆ ಹಿಡ್ಕೋ' ಅಂತಾರೆ. ಅಲ್ಲಿಗೆ ಹಾಡು ನಿಂತುಹೋಗುತ್ತೆ. ಯಾವತ್ತೂ ಅಷ್ಟೇ."

ಫೆಬ್ರುವರಿಯ ಒಂದು ಭಾನುವಾರ ಮಧ್ಯಾಹ್ನ ಬೊಗ್ನಾ ರೊಜಾಲಿಯಾ ಅಜ್ಜಿಯ ಮನೆಗೆ ಹೋಗುತ್ತಾರೆ. ನನ್ನನ್ನೂ ಕರೆದುಕೊಂಡು ಹೋಗುತ್ತಾರೆ, ಪೆನ್ನು ಜೇಬಿನಿಂದ ತೆಗೆಯಬಾರದೆಂಬ ಷರತ್ತಿನ ಮೇಲೆ. ಅಜ್ಜಿ ಪಿತಾ ಎಂಬ ಬೋಸ್ನಿಯಾದ ಸುರುಳಿ ಕಡುಬು ಮಾಡುತ್ತಿದ್ದಾರೆ. ಮೇಜಿಗೆ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಹಿಟ್ಟನ್ನು ಕೈ ಬೆನ್ನಿನಿಂದ ಎಳೆದೆಳೆದು, ಕೆಳಗಿನ ಬಟ್ಟೆಯ ಹೆಣಿಗೆ ಕಾಣುವಷ್ಟು ತೆಳ್ಳಗೆ ಮಾಡಿ, ಎಲೆಕೋಸು ಹರಡಿ ಸುತ್ತುತ್ತಾರೆ. ಅಡುಗೆಮನೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಏನೂ ಇಲ್ಲ.

"ಗೊತ್ತು, ಯಾಕೆ ಬಂದಿದೀಯ ಅಂತ," ಅಜ್ಜಿ ತಲೆಯೆತ್ತದೆ ಹೇಳುತ್ತಾರೆ. "ನಾನು ಹಾಡಲ್ಲ. ನನಗೆ ಹಾಡು ಬರಲ್ಲ ಅಂತ ಸಾವಿರದ ಒಂಬೈನೂರ ನಲವತ್ತಾರರಲ್ಲೇ ತೀರ್ಮಾನ ಆಗಿದೆ."

"ಯಾರು ಮಾಡಿದ್ದು ಅಜ್ಜಿ?"

"ಶಾಲೆ ಮೇಡಮ್ಮು. ಹನ್ನೆರಡು ವರ್ಷ ನನಗೆ. ರೈಲಿಳಿದು ಒಂದು ತಿಂಗಳಾಗಿರ್ಲಿಲ್ಲ. ಇದೇ ಹಾಡು. ನಾನು ನಮ್ಮಮ್ಮನ ಹಾಗೆ ಹಾಡ್ದೆ. ತರಗತಿಯೆಲ್ಲ ನಕ್ಕುಬಿಡ್ತು. ಮೇಡಂ ಅಂದ್ರು, 'ನೀನು ಬಾಯಾಡ್ಸು ಸಾಕು'. ಅವತ್ತಿಂದ ಚರ್ಚಲ್ಲೂ ಬಾಯಾಡ್ಸೋದೇ." ಅಜ್ಜಿ ಎಲೆಕೋಸು ಹರಡುತ್ತಾರೆ. "ನೆಲಾ ಬಂದು ಅದೇ ಮಾತು ಹೇಳಿದಾಗ ನಗು ಬಂತು ನನಗೆ. ಅಷ್ಟು ವರ್ಷ ಆದ್ಮೇಲೂ ಮೇಡಮ್ಮು ಹೋಗಿಲ್ಲ ನೋಡು, ಇಲ್ಲೇ ಇದಾರೆ."

ಬೊಗ್ನಾ ಎದ್ದು ಮೇಜಿನ ಆಚೆ ಬದಿಗೆ ಹೋಗಿ ಬಟ್ಟೆಯ ಅಂಚು ಹಿಡಿಯುತ್ತಾರೆ. ಇಬ್ಬರೂ ಸೇರಿ ಹಿಟ್ಟನ್ನು ಸುತ್ತುತ್ತಾರೆ.

"ತಪ್ಪಾಯ್ತು ಅಜ್ಜಿ," ಎಂದು ಬೊಗ್ನಾ ಕೊನೆಗೆ ಅನ್ನುತ್ತಾರೆ.

"ಆಯ್ತು ಬಿಡು. ಉಪ್ಪು ಸರಿಯಾಗಿದೆಯಾ ನೋಡು." ಆಮೇಲೆ ಅಜ್ಜಿಯೇ, "ಕೊನೆ ಸಾಲು ನಿಮ್ಮದರ ಹಾಗಿಲ್ಲ. ಬೇರೆ ದಾರಿ ಹಿಡಿಯುತ್ತೆ," ಎಂದು ಗೊಣಗಿ ಒಲೆಯತ್ತ ತಿರುಗುತ್ತಾರೆ. ಅಷ್ಟೇ. ಪಿತಾ ತುಂಬ ಚೆನ್ನಾಗಿತ್ತು, ನಾನು ಮೂರು ತುಂಡು ತಿಂದೆ.

ಮೇಳಕ್ಕೆ ಒಂದು ವಾರವಿರುವಾಗ ಕೋಟುಗಳ ಕೋಣೆಯಲ್ಲಿ ಓಲ್ಗೆರ್ದ್ ಮೇಷ್ಟ್ರು ಸ್ವರಲಿಪಿಯನ್ನು ಎತ್ತಿ ಹಿಡಿದು ನಿಂತಿದ್ದಾರೆ. ಕೊನೆ ಸಾಲಿನಲ್ಲಿ ಮೂರೂ ದನಿಗೆ ಏನೂ ಬರೆದಿಲ್ಲ. ಖಾಲಿ. ಆಮೇಲೆ ಮೊದಲ ನುಡಿ ಮತ್ತೆ ಶುರುವಾಗುತ್ತದೆ.

"ಬೊಗ್ನಾ ಅವ್ರೇ, ದಯವಿಟ್ಟು. ಹೋದ ವರ್ಷದ್ದು ಮರೆತ್ರಾ? ಖಾಲಿ ಬಿಟ್ರೆ ನಮ್ಮ ಜನ ತುಂಬಿಬಿಡ್ತಾರೆ. ನೀವೇ ಒಂದು ಸಾಲು ಕಟ್ಟಿ ಹಾಕಿ. ಯಾರಿಗೆ ಗೊತ್ತಾಗುತ್ತೆ?"

"ಅಜ್ಜಿಗೆ ಗೊತ್ತಾಗುತ್ತೆ."

"ಪೂರ್ವದವರ ಸಾಲೇ ಹಾಕೋಣ ಹಾಗಾದ್ರೆ."

"ಆಗ ಅದು ಮೇಡಮ್ಮಿನ ಹಾಡಾಗುತ್ತೆ ಮೇಷ್ಟ್ರೇ. ಖಾಲಿ ಇರ್ಲಿ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತಲೇ ಹಾಡೋಣ."

ಓಲ್ಗೆರ್ದ್ ನನ್ನ ಕಡೆ ನೋಡುತ್ತಾರೆ. ನಾನು ಕೋಟುಗಳ ಕಡೆ ನೋಡುತ್ತೇನೆ.

ಹಾಗೆಂದು ಬೊಗ್ನಾ ಕೈಕಟ್ಟಿ ಕೂರಲಿಲ್ಲ. ಆ ವಾರ ಕಾರ್ಖಾನೆಯ ಮೇಜಿನಲ್ಲಿ, ಬೇಕರಿಯ ಸಾಲಿನಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಸಿಕ್ಕ ಸಿಕ್ಕವರಿಗೆಲ್ಲ ಒಂದೇ ಮಾತು. "ಬಟ್ಟೆ ಹಾಡಲ್ಲಿ ಮಕ್ಕಳು ಸುಮ್ನಾದಾಗ ನೀವೂ ಸುಮ್ನಿರಿ. ಆ ಜಾಗ ನಮ್ದಲ್ಲ, ರೊಜಾಲಿಯಾ ಅಜ್ಜೀದು." ತೆಕ್ಲಾ ತಮ್ಮ ಗಂಡನ ಬಾಯಿಗೆ ತಾವೇ ಕೈ ಅಡ್ಡ ಹಿಡಿಯುವುದಾಗಿ ಮಾತು ಕೊಟ್ಟರು.

ಮೇಳದ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಸಂಸ್ಕೃತಿ ಭವನ ತುಂಬಿದೆ. ರೊಜಾಲಿಯಾ ಅಜ್ಜಿ ನಾಲ್ಕನೇ ಸಾಲಿನ ತುದಿಯಲ್ಲಿ ಕೋಟು ಬಿಚ್ಚದೆ, ಟೋಪಿ ತೆಗೆಯದೆ, ಈಗಲೋ ಆಗಲೋ ಎದ್ದು ಹೋಗುವವರಂತೆ ಕೂತಿದ್ದಾರೆ. ನೆಲಾ ನೋಡಬೇಕೆಂದು ಹಟ ಮಾಡಿದಳು, ಅದಕ್ಕೇ ಬಂದದ್ದು, ಎಂದು ಪಕ್ಕದವರಿಗೆ ಎರಡು ಸಲ ಹೇಳಿದ್ದಾರೆ. ಬೊಗ್ನಾ ಬಾಗಿಲ ಬಳಿ ಗೋಡೆಗೊರಗಿ ನಿಂತಿದ್ದಾರೆ. ಕಾರ್ಯಕ್ರಮದ ಹಾಳೆಯಲ್ಲಿ ಎಂದಿನಂತೆ 'ಜಾನಪದ'.

ತೊಡೆ ತಟ್ಟುವ ಸದ್ದಿನಿಂದ ಬಟ್ಟೆ ಹಾಡು ಶುರುವಾಗುತ್ತದೆ, ಹೊಳೆಯ ಕಲ್ಲಿನ ಮೇಲೆ ಬಟ್ಟೆ ಬಡಿದ ಹಾಗೆ. ನೀಲಿ ಏರುತ್ತದೆ, ಹಸಿರು ನಿಲ್ಲುತ್ತದೆ. ಆಮೇಲೆ ಮೂರನೇ ದನಿ ಕೆಳಗಿನಿಂದ ಬರುತ್ತದೆ, ನೆಲಾಳದ್ದು ಎಲ್ಲರಿಗಿಂತ ಗಟ್ಟಿ. ಅಜ್ಜಿಯ ಟೋಪಿ ನಿಧಾನವಾಗಿ ಮೇಲೇಳುವುದು ಕಾಣುತ್ತದೆ. ಎರಡನೇ ನುಡಿ. ಬಿಸಿಲು ಬಂತು, ನೀರು ಬಂತು, ಬಟ್ಟೆ ಬೆಳ್ಳಗಾಯಿತು. ಮಕ್ಕಳು ನಿಲ್ಲುತ್ತಾರೆ. ಮೂವತ್ತೆರಡು ಜೊತೆ ಕೈಗಳು ತೊಡೆಯ ಮೇಲೆ ಅಲ್ಲಾಡದೆ ಇವೆ.

ಸಭೆಯಲ್ಲಿ ಯಾರೂ ಹಾಡುವುದಿಲ್ಲ. ನಮ್ಮೂರಿನವರು ಇಂಥದ್ದೊಂದನ್ನು ಮಾಡಬಲ್ಲರು ಎಂದು ನಾನು ನಂಬಿರಲಿಲ್ಲ. ನಾನೇ ನಾಲಿಗೆ ಕಚ್ಚಿ ಹಿಡಿದಿದ್ದೇನೆ. ಓಲ್ಗೆರ್ದ್ ಮೇಷ್ಟ್ರ ಕೈಗಳು ಗಾಳಿಯಲ್ಲಿವೆ. ಒಂದು ಸಾಲು ಹಾಡುವಷ್ಟು ಹೊತ್ತು ಕಳೆಯಿತು. ಅವರು ಮುಂದಿನ ನುಡಿಗೆ ಕೈ ಇಳಿಸಬೇಕು. ಇಳಿಸುವುದಿಲ್ಲ.

ಆಗ ನಾಲ್ಕನೇ ಸಾಲಿನಿಂದ ಒಂದು ದನಿ ಬರುತ್ತದೆ. ಬಹಳ ದಿನ ಮುಚ್ಚಿಟ್ಟ ಬಾಗಿಲು ತೆರೆದ ಹಾಗೆ ಮೊದಲು ಬರೀ ಉಸಿರು, ಆಮೇಲೆ ಸ್ವರ. ಮಡಿಸಲು ಬೇಕು ಇನ್ನೆರಡು ಕೈ. ಎಲ್ಲ ಸಾಲಿನಂತೆ ಇಳಿಯುತ್ತದೆ ಅಂದುಕೊಂಡರೆ, ನಡುವೆ ತಿರುಗಿ ಮೆಲ್ಲಗೆ ಮೇಲೆ ಬಂದು, ಹಾಡು ಶುರುವಾದ ಸ್ವರದ ಹತ್ತಿರವೇ ಬಂದು ನಿಲ್ಲುತ್ತದೆ. ಅಜ್ಜಿ ಅಲ್ಲಿಗೂ ನಿಲ್ಲಿಸುವುದಿಲ್ಲ. ಮೊದಲ ನುಡಿಯನ್ನು ಮತ್ತೆ ಎತ್ತಿಕೊಳ್ಳುತ್ತಾರೆ. ನೆಲಾ ಕೂಡಿಕೊಳ್ಳುತ್ತಾಳೆ, ಮೂರನೇ ದನಿ ಪೂರ್ತಿ ಕೂಡಿಕೊಳ್ಳುತ್ತದೆ, ಮಿಕ್ಕವರೂ. ಅಜ್ಜಿ ಎರಡನೇ ನುಡಿಯನ್ನೂ ಇನ್ನೊಮ್ಮೆ ಹಾಡುತ್ತಾರೆ. ಅವರಿಗೆ ಯಾವ ಅವಸರವೂ ಇಲ್ಲ. ಕೊನೆ ಸಾಲಿಗೆ ಮಕ್ಕಳು ಮತ್ತೆ ತಾವಾಗಿಯೇ ನಿಂತು ಅವರಿಗೆ ಬಿಡುತ್ತಾರೆ.

ತೆಕ್ಲಾ ಜೋರಾಗಿ ಮೂಗೊರೆಸಿಕೊಳ್ಳುತ್ತಾರೆ. ನಾನು ಅತ್ತೆ. ಪುರವಣಿಗೆ ಬರೆಯುವವರು ಅಳಬಾರದೆಂದು ಎಲ್ಲೂ ಬರೆದಿಲ್ಲ.

ಬಹುಮಾನ ಬರಲಿಲ್ಲ. ಗಾನವೃಂದಕ್ಕೆ ಕೊಟ್ಟ ಸಮಯ ಮೂರು ನಿಮಿಷ ಮೀರಿತ್ತು, ಮೇಲಾಗಿ ಹಾಡಿದವರಲ್ಲಿ ಒಬ್ಬರ ವಯಸ್ಸು ನಿಯಮಕ್ಕಿಂತ ಎಪ್ಪತ್ತೈದು ವರ್ಷ ಹೆಚ್ಚಿತ್ತು. ಇದನ್ನು ಹೇಳುವಾಗ ತೀರ್ಪುಗಾರರೂ ನಗುತ್ತಿದ್ದರು. ಕೋಟು ತೆಗೆದುಕೊಳ್ಳುವ ಸಾಲಿನಲ್ಲಿ ಅಜ್ಜಿ ಬೊಗ್ನಾರ ಮಣಿಕಟ್ಟು ಹಿಡಿದು, "ಎರಡನೇ ಸಲ ಸ್ವಲ್ಪ ಗಂಟಲು ಕಟ್ಟಿತ್ತು. ಮುಂದಿನ ವರ್ಷ ಸರಿ ಹೋಗುತ್ತೆ," ಎಂದಷ್ಟೇ ಹೇಳಿದರು. ಬೊಗ್ನಾರ ಆ ಮಣಿಕಟ್ಟು ಅಚ್ಚು ಒತ್ತಿ ಒತ್ತಿ ಊದಿಕೊಂಡಿರುತ್ತದೆ, ಯಾರಾದರೂ ಹಿಡಿದರೆ ನೋವು. ಅವತ್ತು ಎಳೆದುಕೊಳ್ಳಲಿಲ್ಲ.

ಸೋಮವಾರ ಬೆಳಗಿನ ಆರಕ್ಕೆ ನಾನು ಮತ್ತೆ ಕಾರ್ಖಾನೆಯ ಮೇಜಿನ ಬಳಿ ನಿಂತಿದ್ದೇನೆ. ಬೊಗ್ನಾ ಲೋಟ ತಿರುಗಿಸುತ್ತಿದ್ದಾರೆ. ಒತ್ತಿದಾಗ ಮಂಕು ಬೂದಿಯಂತೆ ಕಾಣುವ ಬಣ್ಣ ಒಲೆಯಿಂದ ಬರುವಾಗ ನೀಲಿಯಾಗುತ್ತದೆ. ಮುಂದಿನ ವರ್ಷದ ಕಾರ್ಯಕ್ರಮದ ಹಾಳೆಯಲ್ಲಿ ನಿಮ್ಮ ಹೆಸರು ಹಾಕಿಸುವುದಾಗಿ ಓಲ್ಗೆರ್ದ್ ಮೇಷ್ಟ್ರು ಹೇಳಿದ್ದಾರಂತೆ, ಹೌದೇ, ಎಂದು ಕೇಳುತ್ತೇನೆ.

"ಹೇಳಿದ್ರು. ನಂದು ಬೇಡ ಅಂದೆ. ಹಾಕೋದೇ ಆದ್ರೆ ಅಜ್ಜಿ ಹೆಸರು ಹಾಕಿ, ಮಕ್ಕಳ ಪಟ್ಟೀಲಿ, ನೆಲಾ ಪಕ್ಕ."

ಚೀಲದಿಂದ ಹೊಸದಾಗಿ ಬರೆದ ಸ್ವರಲಿಪಿ ತೆಗೆದು ತೋರಿಸುತ್ತಾರೆ. ನೀಲಿ, ಹಸಿರು, ಕಂದು. ಎರಡನೇ ನುಡಿಯ ಕೊನೆಯ ಸಾಲು ನೋಡುತ್ತೇನೆ. ಇನ್ನೂ ಖಾಲಿಯೇ ಇದೆ. ಮೇಲೆ ಮಾತ್ರ ಉಳಿದ ಮಕ್ಕಳ ಹೆಸರಿನಂತೆಯೇ ಕಂದು ಶಾಯಿಯಲ್ಲಿ 'ರೊಜಾಲಿಯಾ' ಎಂದಿದೆ.

"ಈಗ ಸ್ವರ ಗೊತ್ತಾಯ್ತಲ್ಲ, ಯಾಕೆ ಬರೆದಿಲ್ಲ?" ಎನ್ನುತ್ತೇನೆ. "ಅವರಿಗೆ ತೊಂಬತ್ತೊಂದು ವರ್ಷ."

"ನೆಲಾಗೆ ಬಾಯಿಗೆ ಬಂದಿದೆ, ಅದು ಎಲ್ಲೂ ಹೋಗಲ್ಲ." ಬೊಗ್ನಾ ಕೊನೆಯ ಚುಕ್ಕಿಯನ್ನು ಹಿಡಿಯ ಪಕ್ಕಕ್ಕೆ ಒತ್ತಿ, ಸಾಲು ಕೂಡಿತೇ ಎಂದು ಲೋಟವನ್ನು ಬೆಳಕಿಗೆ ಹಿಡಿಯುತ್ತಾರೆ. "ನಾನು ಬರೆದುಬಿಟ್ರೆ ಅಜ್ಜಿ ಇಲ್ಲದೇನೂ ಹಾಡಬಹುದು ಅಂತಾಗುತ್ತೆ. ಖಾಲಿ ಇದ್ರೆ ಪ್ರತಿ ಸಲ ಹೋಗಿ ಕರ್ಕೊಂಡು ಬರಬೇಕು."